‘ಏನ್ ಸ್ವಾಮಿ ಇದು?’: ಕನ್ನಡದಲ್ಲಿ ತರಾಟೆಗೆ ತಗೊಳ್ಳೋದು ಹೇಗೆ

ಬಸವನಗುಡಿ ಕಡೆಯ ಒಂದು ದರ್ಶಿನಿ. ಭಾನುವಾರ ಬೆಳಿಗ್ಗೆ ಎಂಟೂವರೆ. ಬಿಲ್ ಕೌಂಟರ್ ಮುಂದೆ ಹದಿನೈದು ಜನ ಸಾಲಲ್ಲಿ ನಿಂತಿದ್ದೆವು. ಪಕ್ಕದಿಂದ ಒಬ್ಬ ಟೀ ಶರ್ಟ್ ಆಸಾಮಿ ಮೆಲ್ಲಗೆ ನುಸುಳಿ ಬಂದು, ಕೈಯನ್ನು ನೇರ ಕೌಂಟರ್ ಒಳಗೇ ಚಾಚಿ, ‘ಅಣ್ಣ, ಎರಡು ಇಡ್ಲಿ ವಡೆ’ ಅಂದ. ನನ್ನ ಮುಂದೆ ಒಬ್ಬರು ಅಜ್ಜಿ ಇದ್ದರು. ಕೈಯಲ್ಲಿ ಬಟ್ಟೆ ಚೀಲ, ಚೀಲದಿಂದ ಇಣುಕುವ ಕೊತ್ತಂಬರಿ ಕಟ್ಟು. ಅವರು ದನಿ ಏರಿಸಲೇ ಇಲ್ಲ. ‘ಏನಪ್ಪಾ, ನಾವೆಲ್ಲ ಇಲ್ಲಿ ದೇವರ ದರ್ಶನಕ್ಕೆ ನಿಂತಿದೀವಾ?’ ಅಂದರು ಅಷ್ಟೇ. ಇಡೀ ಸಾಲು ನಕ್ಕಿತು. ಅವನು ಕೈ ಹಿಂದಕ್ಕೆ ತಗೊಂಡು, ‘ಇಲ್ಲ ಅಜ್ಜಿ, ನೋಡ್ಲಿಲ್ಲ’ ಅಂತ ಗೊಣಗುತ್ತಾ ಕೊನೆಗೆ ಹೋಗಿ ನಿಂತ.

ಆ ಮಾತಲ್ಲಿ ಒಂದು ಬೈಗುಳ ಇಲ್ಲ. ಕಳ್ಳ, ಸುಳ್ಳ ಅನ್ನಲಿಲ್ಲ, ಅಪ್ಪ ಅಮ್ಮನ ಸುದ್ದಿಗೆ ಹೋಗಲಿಲ್ಲ. ಆದರೂ ಆಳು ಮೂರಡಿ ಕುಗ್ಗಿದ. ನನ್ನಂಥವನು ಅಲ್ಲಿ ಬಾಯಿ ಬಿಟ್ಟಿದ್ದರೆ ಎರಡರಲ್ಲಿ ಒಂದು ಆಗುತ್ತಿತ್ತು. ಒಂದೋ ಗಂಟಲಲ್ಲೇ ಮಾತು ಸಿಕ್ಕಿಕೊಳ್ಳುತ್ತಿತ್ತು, ಇಲ್ಲಾಂದ್ರೆ ಜಗಳ ಹತ್ತಿಕೊಂಡು ಇಡ್ಲಿ ಆರುತ್ತಿತ್ತು.

ಹಾಗಾಗಿ ಸುಮಾರು ವರ್ಷದಿಂದ ನಾನು ಈ ಮಾತುಗಳನ್ನು ಗಮನಿಸುತ್ತಾ, ಕೂಡಿಡುತ್ತಾ ಬಂದಿದ್ದೇನೆ. ಒಬ್ಬರ ನಡವಳಿಕೆ ಸರಿ ಇಲ್ಲ ಅಂತ ಮುಖದ ಮೇಲೇ ಹೇಳಬೇಕು, ಆಡುಮಾತಲ್ಲೇ ಹೇಳಬೇಕು, ಕೈ ಕೈ ಮಿಲಾಯಿಸೋ ಮಟ್ಟಕ್ಕೆ ಹೋಗಬಾರದು. ಇದು ಕಲಿಯೋ ವಿದ್ಯೆನೇ. ನಂಗೆ ಗೊತ್ತಾಗಿದ್ದನ್ನು ಹೇಳುತ್ತೇನೆ, ಕೆಲವನ್ನು ಏಟು ತಿಂದು ಕಲಿತಿದ್ದು.

ಮೊದಲು ಬಾಲ, ಆಮೇಲೆ ಮಾತು

ಜನ ಅಂದುಕೊಳ್ಳೋದು ಖಾರ ಎಲ್ಲ ಬಯ್ಯುವ ಪದದಲ್ಲಿ ಇರುತ್ತದೆ ಅಂತ. ಕನ್ನಡದಲ್ಲಿ ಹಾಗಲ್ಲ. ಖಾರ ಇರುವುದು ಮಾತಿಗೆ ಅಂಟಿಸುವ ಬಾಲದಲ್ಲಿ. ಗುರು, ಸ್ವಾಮಿ, ಅಪ್ಪ, ಅಯ್ಯ, ರೀ, ಲೇ, ಲಾ, ಮಾರಾಯ. ನೀವು ಬಾಲ ಸರಿ ಆರಿಸಿಕೊಂಡರೆ ‘ಯಾಕೆ’ ಅನ್ನೋ ಒಂದೇ ಪದ ಸಾಕು.

ನೋಡಿ. ‘ಯಾಕೋ?’ ಅಂದರೆ ಗೆಳೆಯನಿಗೆ, ತಮ್ಮನಿಗೆ. ಸಲುಗೆ ಇದೆ, ಸ್ವಲ್ಪ ಮುನಿಸಿದೆ. ‘ಯಾಕಪ್ಪಾ?’ ಅಂದರೆ ದೊಡ್ಡವರು ಚಿಕ್ಕವರನ್ನು ಕೇಳುವ ದಾಟಿ, ಅಜ್ಜಿ ಬಳಸಿದ್ದು ಇದನ್ನೇ. ಬಿಳಿ ಕೂದಲು ಇದ್ದರೆ ಇದಕ್ಕೆ ಸಿಗುವ ತೂಕವೇ ಬೇರೆ, ಇಪ್ಪತ್ತೈದರ ಹುಡುಗ ಐವತ್ತರವರಿಗೆ ಅಂದರೆ ಕೆನ್ನೆ ಜೋಪಾನ. ‘ಯಾಕ್ ಗುರು?’ ಬೆಂಗಳೂರು ಹುಡುಗರದು. ಗುರುತಿಲ್ಲದವರಿಗೂ ಅನ್ನಬಹುದು, ನಿಮ್ಮ ವಾರಿಗೆಯವರಾಗಿದ್ದರೆ ಸಾಕು. ಸಮಸಮ ಅನ್ನೋ ಭಾವ ಅದರಲ್ಲಿದೆ, ಅದಕ್ಕೇ ಅದು ಅಷ್ಟು ಬೇಗ ಬೆಂಕಿ ಹಚ್ಚಲ್ಲ. ‘ಬಾಸು’ ಕೂಡ ಇದೇ ಸಾಲಿನದು, ಸ್ವಲ್ಪ ವ್ಯಂಗ್ಯ ಜಾಸ್ತಿ.

‘ಯಾಕಯ್ಯಾ?’ ಮಾತ್ರ ಮೇಲಿಂದ ಕೆಳಕ್ಕೆ ಬೀಳುವ ಮಾತು. ಹಳೇ ಕಾಲದ ಸಾಹೇಬರು, ಠಾಣೆಯ ದಫೇದಾರರು ಬಳಸುತ್ತಿದ್ದ ದಾಟಿ. ಅದನ್ನು ಬಾಯಿಗೆ ಹಾಕಿಕೊಳ್ಳಬೇಡಿ. ಹೋಟೆಲ್ ಹುಡುಗನಿಗೋ ಸೆಕ್ಯುರಿಟಿಯವರಿಗೋ ‘ಏನಯ್ಯಾ’ ಅನ್ನುವವರನ್ನು ಕಂಡರೆ ನಂಗೆ ಅವರನ್ನೇ ತರಾಟೆಗೆ ತಗೋಬೇಕು ಅನಿಸುತ್ತದೆ.

ಎಲ್ಲಕ್ಕಿಂತ ಹರಿತ ಯಾವುದು ಗೊತ್ತಾ? ಪೂಜೆಯ ಮಾತು. ಸ್ವಾಮಿ, ದೇವ್ರು, ತಂದೆ, ತಾಯಿ. ‘ಏನ್ ಸ್ವಾಮಿ, ಇದು ಒನ್ ವೇ ಅಂತ ಗೊತ್ತಿಲ್ವಾ?’ ‘ಅಯ್ಯೋ ತಂದೆ, ನಿಂಗೊಂದು ದೊಡ್ಡ ನಮಸ್ಕಾರ!’ ‘ಸಾಕು ಮಾಡು ತಾಯಿ, ಕೈ ಮುಗಿತೀನಿ.’ ಎದುರಿನವರನ್ನು ಗರ್ಭಗುಡಿಯಲ್ಲಿ ಕೂರಿಸಿ ಆರತಿ ಎತ್ತಿಬಿಟ್ಟರೆ ಅವರು ತಿರುಗಿ ಬಯ್ಯೋದು ಹೇಗೆ? ಕೈ ಮುಗಿದವನನ್ನು ಹೊಡೆದರೆ ಸುತ್ತ ನಿಂತ ಜನ ಯಾರ ಪರ ಅಂತ ಬೇರೆ ಹೇಳಬೇಕಾ?

ಏಕವಚನ ಅನ್ನೋ ಬಾಂಬು

ಇದನ್ನು ನಾನು ನಮ್ಮ ಬೀದಿಯಲ್ಲಿ ಕಲಿತೆ. ಒಂದು ದಿನ ಬೆಳಿಗ್ಗೆ ನಮ್ಮ ಗೇಟಿಗೆ ಅಡ್ಡವಾಗಿ ಯಾರೋ ಕಾರು ನಿಲ್ಲಿಸಿ ಹೋಗಿದ್ದರು. ಹೆಂಡತಿಗೆ ಆಸ್ಪತ್ರೆಗೆ ಹೋಗೋಕಿತ್ತು, ಗಾಡಿ ಆಚೆ ತೆಗೆಯೋಕೆ ಜಾಗ ಇಲ್ಲ. ನಾಲ್ಕು ಮನೆ ಬಾಗಿಲು ಬಡಿದ ಮೇಲೆ ಕಾರಿನ ಒಡೆಯರು ಟೂತ್ ಬ್ರಷ್ ಬಾಯಲ್ಲಿಟ್ಟುಕೊಂಡು ಬಂದರು. ನಾನು ಸಿಟ್ಟಲ್ಲಿ, ‘ಏನಪ್ಪಾ, ಗೇಟ್ ಕಾಣಲ್ವಾ ನಿಂಗೆ?’ ಅಂದೆ.

ಅವರು ಬ್ರಷ್ ತೆಗೆದು ಕೇಳಿದ್ದು ಒಂದೇ. ‘ನಿಂಗೆ ಅಂತೀಯಾ? ಯಾರಿಗೆ ಏಕವಚನ?’

ಮುಗಿಯಿತು. ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಕಾರಿನ ಮಾತೇ ಬರಲಿಲ್ಲ. ‘ಮರ್ಯಾದೆ ಕೊಟ್ಟು ಮರ್ಯಾದೆ ತಗೊಳ್ಳಿ’, ‘ಹೋಗ್ರೀ ಬನ್ರೀ ಅಂತ ಮಾತಾಡಿ’, ‘ನಾನೂ ಮಾತಾಡ್ಬಲ್ಲೆ ಏಕವಚನದಲ್ಲಿ’, ‘ಮಾತಾಡಿ ನೋಡೋಣ’. ಅಕ್ಕಪಕ್ಕದವರು ಸೇರಿದರು. ಒಬ್ಬರು ಹಿರಿಯರು ನನ್ನ ಭುಜ ಹಿಡಿದು, ‘ತಪ್ಪು ಅವರದೇ, ಆದ್ರೆ ನೀವು ಹಾಗೆ ಅನ್ನಬಾರದಿತ್ತು’ ಅಂದರು. ತಪ್ಪು ಮಾಡಿದ್ದು ಅವರು, ಕ್ಷಮೆ ಕೇಳಿದ್ದು ನಾನು. ಕಾರು ಅಲ್ಲೇ ನಿಂತಿತ್ತು. ನಾವು ಆಟೋದಲ್ಲಿ ಹೋದೆವು.

ಪಂಚಾಯಿತಿ ಕಟ್ಟೆಯಿಂದ ವಿಧಾನಸಭೆಯವರೆಗೆ ಕನ್ನಡಿಗರ ಜಗಳ ಹಳಿ ತಪ್ಪುವುದು ಇದೇ ಜಾಗದಲ್ಲಿ. ನಿಮ್ಮ ಕಡೆ ನೂರಕ್ಕೆ ನೂರು ನ್ಯಾಯ ಇದ್ದರೂ ಒಂದು ‘ನೀನು’ ಜಾರಿದರೆ ಎದುರಿನವರಿಗೆ ಪುಕ್ಕಟೆ ಗುರಾಣಿ ಸಿಗುತ್ತದೆ. ಆದ್ದರಿಂದ ಗುರುತಿಲ್ಲದವರ ಹತ್ತಿರ ಎಷ್ಟೇ ಉರಿದರೂ ಬಹುವಚನ ಬಿಡಬೇಡಿ. ಅಷ್ಟೇ ಅಲ್ಲ, ಸಿಟ್ಟು ಏರಿದಷ್ಟೂ ಮರ್ಯಾದೆಯನ್ನೂ ಏರಿಸುತ್ತಾ ಹೋಗಿ. ‘ಯಜಮಾನ್ರೇ, ತಾವು ದಯಮಾಡಿ ಈ ಕಾರನ್ನ ಒಂದು ನಾಲ್ಕಡಿ ಹಿಂದಕ್ಕೆ ತಗೊಂಡ್ರೆ ನಾವು ಬದುಕ್ಕೋತೀವಿ’ ಅಂತ ಹೇಳಿದ್ದರೆ ಅವತ್ತು ಕೆಲಸ ಆಗುತ್ತಿತ್ತು ಅಂತ ಈಗ ಅನಿಸುತ್ತದೆ.

ಇದರ ಉಲ್ಟಾ ಲೆಕ್ಕ ಗೆಳೆಯರಲ್ಲಿ. ಹತ್ತು ವರ್ಷದಿಂದ ‘ಮಗಾ’, ‘ಮಚ್ಚಾ’ ಅಂತ ಕರೆಯುತ್ತಿದ್ದವನು ದಿಢೀರನೆ ‘ನೀವು’ ಅಂದರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಇದನ್ನು ಕೊನೆಗೆ ಹೇಳುತ್ತೇನೆ, ಅಲ್ಲಿ ಒಂದು ಮೂರು ಸಾವಿರ ರೂಪಾಯಿಯ ಕಥೆ ಇದೆ.

ಸುಳ್ಳು ಹೇಳುವವರಿಗೆ

ಕನ್ನಡದ ಆಡುಮಾತು ಶ್ರೀಮಂತವಾಗಿರುವುದು ಇಲ್ಲಿ. ಸುಳ್ಳಿಗೆ ಎಷ್ಟು ಬಗೆ ಇದೆಯೋ ಅಷ್ಟು ಮಾತಿದೆ. ಎಲ್ಲ ಒಂದೇ ಅಂದುಕೊಂಡು ಕೈಗೆ ಸಿಕ್ಕಿದ್ದನ್ನು ಎಸೆದರೆ ಗುರಿ ತಪ್ಪುತ್ತದೆ.

‘ಓಳು ಬಿಡಬೇಡ’ ಅನ್ನೋದು ಸಣ್ಣ ಪುಟ್ಟ ಸುಳ್ಳಿಗೆ. ಟ್ರಾಫಿಕ್ಕಲ್ಲಿದೀನಿ ಅಂತ ಹಾಸಿಗೆಯಿಂದ ಫೋನ್ ಮಾಡ್ತಾರಲ್ಲ, ಅದಕ್ಕೆ. ‘ಬುರುಡೆ ಬಿಡಬೇಡ’ ಜಂಬದ ಸುಳ್ಳಿಗೆ, ಮಿನಿಸ್ಟರ್ ನಮ್ಮ ಮಾವನಿಗೆ ಕ್ಲೋಸು ಅನ್ನುವವರಿಗೆ. ‘ಕಾಗೆ ಹಾರಿಸಬೇಡ’ ಇಲ್ಲದ ಸುದ್ದಿಯನ್ನು ಇದೆ ಅಂತ ಹಬ್ಬಿಸುವವರಿಗೆ. ನಾಳೆ ರಜೆ ಅಂತೆ, ಬೋನಸ್ ಬರುತ್ತಂತೆ ಅನ್ನೋ ಗುಂಪು. ‘ರೈಲು ಬಿಡಬೇಡ’ ಉದ್ದನೆ ಕಟ್ಟುಕಥೆಗೆ. ಇದರಲ್ಲಿ ಒಂದು ಅನುಕೂಲ ಇದೆ. ರೈಲಿಗೆ ಬೋಗಿ ಜೋಡಿಸಬಹುದು. ನಮ್ಮ ಆಫೀಸಿನಲ್ಲಿ ಒಬ್ಬರು ತಮ್ಮ ಕಾಲೇಜು ದಿನದ ಕ್ರಿಕೆಟ್ ಕಥೆ ಶುರು ಮಾಡಿದರೆ ಸಾಕು, ಮೂಲೆಯಿಂದ ಯಾರಾದರೂ ‘ಇದು ಅರಸೀಕೆರೆಲಿ ನಿಲ್ಲುತ್ತಾ, ಇಲ್ಲ ನಾನ್ ಸ್ಟಾಪಾ?’ ಅಂತ ಕೇಳುತ್ತಾರೆ. ಅವರೂ ನಗುತ್ತಾರೆ, ಸ್ಕೋರು ನೂರಿಪ್ಪತ್ತರಿಂದ ಅರವತ್ತಕ್ಕೆ ಇಳಿಯುತ್ತದೆ.

‘ಪುಂಗಬೇಡ’ ಅನ್ನೋದು ಹುಡುಗರ ಮಾತು. ಎಲ್ಲ ಗೊತ್ತಿರೋ ಥರ ಊದುತ್ತಾ ಕೂರುವವರಿಗೆ. ಮನೆಯಲ್ಲಿ ದೊಡ್ಡವರ ಮುಂದೆ ಬೇಡ.

ನಂಗೆ ಇಷ್ಟವಾದದ್ದು ಮಾತ್ರ ಕಿವಿ ಹೂವು. ‘ಕಿವಿ ಮೇಲೆ ಹೂವು ಇಡಬೇಡ’ ಅಂದರೆ ನನ್ನನ್ನು ಪೆದ್ದ ಮಾಡಬೇಡ ಅಂತ. ಅದನ್ನು ತಿರುಗಿಸಿ ನಿಮ್ಮ ಮೇಲೇ ಹಾಕಿಕೊಂಡು ಕೇಳಿ: ‘ನೋಡು, ನನ್ ಕಿವಿ ಮೇಲೆ ಹೂವೇನಾದ್ರೂ ಕಾಣ್ತಿದ್ಯಾ?’ ಅವರು ಸುಳ್ಳುಗಾರ ಅಂತ ನೀವು ಹೇಳಲೇ ಇಲ್ಲ. ನಿಮ್ಮ ಕಿವಿ ಬಗ್ಗೆ ಮಾತಾಡಿದಿರಿ. ಪೈಂಟು ಅರ್ಧಕ್ಕೆ ಬಿಟ್ಟು ಹೋಗಿ ಮೂರನೇ ವಾರವೂ ‘ನಾಳೆ ಬಂದ್ಬಿಡ್ತೀನಿ ಸಾರ್’ ಅನ್ನುವ ಮೇಸ್ತ್ರಿಗೆ ಇದು ಚೆನ್ನಾಗಿ ಕೂರುತ್ತದೆ. ಮೇಸ್ತ್ರಿ ನಕ್ಕರೆ ನಾಳೆ ಬರುತ್ತಾರೆ ಅಂತ ಅರ್ಥ. ಅನುಭವದ ಮಾತು.

ಇದ್ಯಾವುದೂ ಬಾಯಿಗೆ ಬರಲಿಲ್ಲವಾ? ‘ಹೌದಾ? ಆಮೇಲೆ?’ ಅಷ್ಟೇ ಅನ್ನಿ. ಕಣ್ಣು ಮಿಟುಕಿಸದೆ ನೋಡುತ್ತಾ ಎರಡು ಸಲ ಅಂದರೆ ಸುಳ್ಳಿನ ಕಾಲು ತಾನೇ ನಡುಗುತ್ತದೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಏನೇನೋ ಫಾರ್ವರ್ಡ್ ಹಾಕುವ ಹಿರಿಯರಿಗೂ ಇದೇ ಮದ್ದು. ಅಲ್ಲಿ ಓಳು, ಬುರುಡೆ ನಡೆಯಲ್ಲ. ‘ಹೌದಾ ಚಿಕ್ಕಪ್ಪ? ಎಲ್ಲಿ ಬಂದಿತ್ತು ಇದು?’ ಅಂತ ಅಮಾಯಕನ ಥರ ಕೇಳಿ ಸುಮ್ಮನಾಗಿ. ಉತ್ತರದ ಬದಲು ಸಂಜೆ ಒಂದು ಗುಡ್ ಈವ್ನಿಂಗ್ ಹೂವಿನ ಚಿತ್ರ ಬರುತ್ತದೆ. ಅದನ್ನೇ ಸೋಲು ಅಂತ ಒಪ್ಪಿಕೊಳ್ಳಬೇಕು.

ಮೆರೆಯುವವರಿಗೆ

ಇಲ್ಲಿ ಮೆಟ್ಟಿಲು ನೋಡಿಕೊಂಡು ಹತ್ತಬೇಕು. ‘ಸ್ಕೋಪ್ ತಗೋಬೇಡ’, ‘ಬಿಲ್ಡಪ್ ಕೊಡಬೇಡ’, ‘ಸೀನ್ ಹಾಕಬೇಡ’ ಇವು ಕೆಳಗಿನ ಮೆಟ್ಟಿಲು. ಕಾಲೇಜು, ಆಫೀಸು ಎಲ್ಲ ಕಡೆ ಓಡುತ್ತವೆ, ಯಾರಿಗೂ ನೋವಾಗಲ್ಲ. ಬಿಲ್ಡಪ್ ಅನ್ನು ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಂದೇ ಥರ ಬಳಸುತ್ತಾರೆ, ಅದಕ್ಕೇ ಅದು ಅಷ್ಟು ಕೆಲಸಕ್ಕೆ ಬರುವ ಪದ.

ಅದರ ಮೇಲೆ ‘ದಿಮಾಕು’. ದಿಮಾಗ್ ಅಂದರೆ ಹಿಂದೂಸ್ತಾನಿಯಲ್ಲಿ ಮೆದುಳು. ಕನ್ನಡಕ್ಕೆ ಬರುವಾಗ ಮೆದುಳು ಗಡಿಯಲ್ಲೇ ಉಳಿದು ಸೊಕ್ಕು ಮಾತ್ರ ದಾಟಿ ಬಂದಿದೆ. ‘ಏನ್ ದಿಮಾಕು ಅವನಿಗೆ!’ ಅಂತ ಬೆನ್ನ ಹಿಂದೆ ಅನ್ನೋದು ಸುಲಭ. ಮುಖದ ಮೇಲೆ ಅಂದರೆ ಎದುರಿನವರು ಉತ್ತರ ಕೊಡಲೇಬೇಕಾಗುತ್ತದೆ. ‘ಗಾಂಚಾಲಿ ಬಿಡು’ ಇನ್ನೂ ಒಂದು ಮೆಟ್ಟಿಲು ಮೇಲೆ, ಒರಟು. ಗೆಳೆಯರ ಗುಂಪಿಗೆ ಸರಿ, ಮಾವನ ಮನೆಗೆ ಬೇಡ.

‘ಕೊಬ್ಬು’, ‘ಸೊಕ್ಕು’, ‘ಪೊಗರು’ ಬಂತು ಅಂದರೆ ಜಗಳದ ಹೊಸ್ತಿಲು. ‘ಕೊಬ್ಬು ಇಳಿಸ್ತೀನಿ’, ‘ಹೆಂಗೈತೆ ಮೈಗೆ?’, ‘ಬಾಲ ಕಟ್ ಮಾಡ್ತೀನಿ’ ಇವೆಲ್ಲ ಪ್ರಶ್ನೆಯೂ ಅಲ್ಲ, ತರಾಟೆಯೂ ಅಲ್ಲ. ಬೆದರಿಕೆ. ಇವನ್ನು ಬಾಯಿ ಚಪಲಕ್ಕೆ ಬಳಸಬೇಡಿ, ಯಾಕಂದ್ರೆ ‘ಇಳಿಸು ನೋಡೋಣ’ ಅಂತ ಎದುರಿನವರು ತೋಳು ಮಡಚಿದರೆ ನಿಮ್ಮ ಹತ್ತಿರ ಮುಂದಿನ ಡೈಲಾಗ್ ಇರಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೆಣ್ಣುಮಗಳು ತನ್ನ ಪಾಡಿಗೆ ತಾನು ಇದ್ದರೆ ‘ಜಂಬ’, ಬೇಡ ಅಂದರೆ ‘ಕೊಬ್ಬು’, ತಿರುಗಿ ಮಾತಾಡಿದರೆ ‘ಬಾಯಿ ಜೋರು’. ಗಂಡಸಿನ ವಿಷಯಕ್ಕೆ ಇದೇ ನಡತೆ ‘ಖಡಕ್’ ಆಗುತ್ತದೆ. ತರಾಟೆಗೆ ತಗೊಳ್ಳುವ ಮುಂಚೆ ಎದುರಿಗಿರುವುದು ಸೊಕ್ಕೋ ಸ್ವಾಭಿಮಾನವೋ ಅಂತ ಒಂದು ಸಲ ನೋಡಿಕೊಳ್ಳಿ.

ತಲೆ ತಿನ್ನುವವರು, ಕೊರೆಯುವವರು, ಕುಯ್ಯುವವರು, ಬ್ಲೇಡ್ ಹಾಕುವವರು, ಇವರಿಗೆ ಜಾಸ್ತಿ ಹೇಳೋದೇನಿಲ್ಲ. ‘ರಕ್ತ ಬರ್ತಿದೆ ಗುರು, ಬ್ಲೇಡ್ ಒಳಗಿಡು’ ಅಂದು ಎದ್ದು ಹೋಗಿ.

ಆಫೀಸಿನಲ್ಲಿ

ಆಫೀಸಿನ ಜಗಳಕ್ಕೆ ಕನ್ನಡದಲ್ಲಿ ಒಂದು ಹಕ್ಕಿ ಇದೆ. ಗೂಬೆ. ತಪ್ಪು ಯಾರೋ ಮಾಡಿ ಮೀಟಿಂಗಿನಲ್ಲಿ ನಿಮ್ಮ ಹೆಸರು ಹೇಳುತ್ತಾರೆ. ಆಗ ‘ನೀವು ಸುಳ್ಳು ಹೇಳ್ತಿದೀರಿ’ ಅಂದರೆ ವಿಷಯ ದೊಡ್ಡದಾಗುತ್ತದೆ. ‘ಸಾರ್, ಈ ಗೂಬೆನ ನನ್ ತಲೆ ಮೇಲೆ ಯಾಕೆ ಕೂರಿಸ್ತಿದೀರಾ? ಮೇಲ್ ತೆಗೆದು ನೋಡೋಣ’ ಅಂದರೆ ಎಲ್ಲರೂ ನಗುತ್ತಾರೆ, ಮೇಲ್ ಕೂಡ ತೆಗೆಯುತ್ತಾರೆ. ಎರಡನೇ ಭಾಗ ಮರೆಯಬೇಡಿ. ಗೂಬೆ ಮಾತ್ರ ಹಾರಿಸಿ ಮೇಲ್ ತೋರಿಸದಿದ್ದರೆ ಅದು ತಿರುಗಿ ಬಂದು ಅಲ್ಲೇ ಕೂರುತ್ತದೆ.

ಇಬ್ಬರ ನಡುವೆ ತಂದು ಹಾಕುವವರಿಗೆ ‘ಫಿಟ್ಟಿಂಗ್ ಇಡ್ಬೇಡ’, ‘ಬತ್ತಿ ಇಡ್ಬೇಡ’, ‘ಕಡ್ಡಿ ಆಡಿಸ್ಬೇಡ’. ಮೇಲಿನವರಿಗೆ ಹಲ್ಲು ಗಿಂಜುವವರಿಗೆ ‘ಬಕೆಟ್’. ಬಕೆಟ್ ವಿಷಯದಲ್ಲಿ ನನ್ನ ಸಲಹೆ, ಮುಖದ ಮೇಲೆ ಹೇಳಬೇಡಿ. ಅವರು ಹಿಡಿದಿರುವ ಬಕೆಟ್ ನೇರ ಬಾಸ್ ಮನೆ ಬಾವಿಗೆ ಹೋಗುತ್ತದೆ. ಬೇರೆಯವರ ವಿಷಯಕ್ಕೆ ಮೂಗು ತೂರಿಸುವವರಿಗೆ ಗಾದೆ ಬಳಸಿ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕಿದರಂತೆ. ಪೂರ್ತಿ ಹೇಳುವುದೂ ಬೇಕಿಲ್ಲ, ‘ಹೆಗ್ಗಣ, ಹೆಗ್ಗಣ’ ಅಂದರೆ ಸಾಕು. ಗಾದೆಯ ಸುಖ ಅದೇ. ಬೈದಿದ್ದು ನೀವಲ್ಲ, ಊರು.

ಬಸ್ಸಿನಲ್ಲಿ

ಇದು ಹೆಣ್ಣುಮಕ್ಕಳಿಗೆ ದಿನಾ ಬೇಕಾಗುವ ಪಾಠ, ನಾನು ಹೇಳುವುದಕ್ಕಿಂತ ನನ್ನ ಅಕ್ಕ ಹೇಳಿದರೆ ಚೆನ್ನ. ಇಪ್ಪತ್ತು ವರ್ಷ ಬಿಎಂಟಿಸಿ ಬಸ್ಸಿನಲ್ಲಿ ಓಡಾಡಿದವಳು. ಅವಳ ಲೆಕ್ಕ ಹೀಗೆ. ಮೈಗೆ ಅಂಟಿಕೊಂಡು ನಿಲ್ಲುವವನಿಗೆ ಮೆಲ್ಲಗೆ ಹೇಳಬಾರದು. ಮೆಲ್ಲಗೆ ಹೇಳಿದ್ದು ಅವನಿಗೂ ನಿಮಗೂ ನಡುವಿನ ಗುಟ್ಟಾಗುತ್ತದೆ. ಡ್ರೈವರ್ ತಿರುಗಿ ನೋಡುವಷ್ಟು ಜೋರಾಗಿ, ಆದರೆ ಬಹುವಚನದಲ್ಲೇ ಹೇಳಬೇಕು: ‘ಏನ್ರೀ, ನೆಟ್ಟಗೆ ನಿಂತ್ಕೊಳ್ಳೋಕೆ ಬರಲ್ವಾ? ಹಿಂದೆ ಇಷ್ಟು ಜಾಗ ಇದೆ!’ ಪ್ರಶ್ನೆ ಮುಗಿದ ಮೇಲೆ ಇಡೀ ಬಸ್ಸು ಅವನ ಉತ್ತರಕ್ಕೆ ಕಾಯುತ್ತದೆ. ಅವನ ಹತ್ತಿರ ಉತ್ತರ ಇರಲ್ಲ.

‘ನಿಮ್ಮನೇಲಿ ಅಕ್ಕ ತಂಗಿ ಇಲ್ವಾ?’ ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ಅವಳಿಗೆ ಅದು ಇಷ್ಟ ಇಲ್ಲ. ‘ಅವನ ಅಕ್ಕ ತಂಗಿ ಏನ್ ಮಾಡಿದ್ರು ಪಾಪ? ಅವರೂ ಇವನ ಕಾಟ ತಿಂತಿರ್ತಾರೆ’ ಅನ್ನುತ್ತಾಳೆ. ಒಪ್ಪತಕ್ಕ ಮಾತು ಅಲ್ವಾ?

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದ ಮೇಲೆ ಹೊಸ ಬಗೆಯ ಕೊಂಕು ಕೂಡ ಶುರುವಾಯಿತು. ‘ಫ್ರೀ ಅಂದ್ರೆ ಸಾಕು, ಎಲ್ರೂ ಹೊರಟ್ಬಿಡ್ತಾರೆ’ ಅಂತ ಸೀಟಿಗೆ ಒರಗಿಕೊಂಡು ಅನ್ನುವವರು. ಅಕ್ಕ ಒಂದು ದಿನ ಅಂಥವರಿಗೆ ಕೇಳಿದಳಂತೆ, ‘ಯಜಮಾನ್ರೇ, ನನ್ ಟಿಕೆಟ್ ದುಡ್ಡು ನಿಮ್ ಜೇಬಿಂದ ಕೊಟ್ರಾ? ಕೊಟ್ಟಿದ್ರೆ ಹೇಳಿ, ವಾಪಸ್ ಕೊಡ್ತೀನಿ.’ ಕಂಡಕ್ಟರ್ ವಿಸಿಲ್ ಬಾಯಲ್ಲಿಟ್ಟುಕೊಂಡೇ ನಕ್ಕರಂತೆ.

ಊರು ಬದಲಾದರೆ

ಬೆಂಗಳೂರಿನ ‘ಏನ್ರೀ?’ ಸ್ವಲ್ಪ ಗರಂ. ಅದೇ ‘ರೀ’ ಹುಬ್ಬಳ್ಳಿ ಧಾರವಾಡಕ್ಕೆ ಹೋದರೆ ಬೆಲ್ಲ. ‘ಬರ್ರೀ’, ‘ಹೌದ್ರೀ’, ‘ಕುಂದರ್ರೀ’ ಅಂತ ಅಲ್ಲಿ ಮಾತೆಲ್ಲ ರೀಯಲ್ಲೇ ಅದ್ದಿ ಎತ್ತಿರುತ್ತಾರೆ. ತರಾಟೆ ಕೂಡ ಅದರಲ್ಲೇ: ‘ಏನ್ರೀ ಸರ, ಹಿಂಗ ಮಾಡಿದ್ರ ಹೆಂಗ್ರೀ?’ ಎರಡು ಸಲ ಮರ್ಯಾದೆ ಕೊಟ್ಟು ಒಂದು ಸಲ ಕುಟ್ಟುತ್ತಾರೆ. ಗೆಳೆಯರಾದರೆ ‘ಯಾಕಲೇ, ಭಾಳ ಆತು ನಿಂದು’, ‘ಭಾಳ ಶಾಣ್ಯಾ ಆಗಬ್ಯಾಡ’. ಶಾಣ್ಯಾ ಅಂದರೆ ಜಾಣ. ಜಾಣನಾಗಬೇಡ ಅಂತ ಬಯ್ಯುವ ಇನ್ನೊಂದು ಊರು ನಾನು ನೋಡಿಲ್ಲ. ಅಲ್ಲಿಯ ‘ಲೇ’ಯಲ್ಲಿ ಪ್ರೀತಿ ಎಷ್ಟು, ಸಿಟ್ಟು ಎಷ್ಟು ಅಂತ ಹೊರಗಿನವರಿಗೆ ತಿಳಿಯುವುದು ಕಷ್ಟ. ಆದ್ದರಿಂದ ಬೆಂಗಳೂರಿಂದ ಹೋದವರು ಶೋಕಿಗೆ ‘ಯಾಕಲೇ’ ಅನ್ನಬೇಡಿ.

ಮಂಡ್ಯ, ಮೈಸೂರು ಕಡೆ ‘ಲಾ’. ‘ಏನ್ಲಾ?’, ‘ಯಾಕ್ಲಾ?’, ‘ಬುಡ್ಲಾ, ಕಂಡಿವ್ನಿ’. ಆ ‘ಬುಡು’ ಇದೆಯಲ್ಲ, ಅದು ಜಗಳ ಶುರು ಮಾಡೋಕೂ ಆಗುತ್ತದೆ, ಮುಗಿಸೋಕೂ ಆಗುತ್ತದೆ. ದನಿ ಮೇಲಕ್ಕೆ ಹೋದರೆ ಶುರು, ಕೆಳಕ್ಕೆ ಬಂದರೆ ಮುಕ್ತಾಯ.

ಮಂಗಳೂರಿನಲ್ಲಿ ‘ಎಂತ ಮಾರಾಯ ನಿಂದು?’, ‘ಮಂಡೆ ಬಿಸಿ ಮಾಡ್ಬೇಡ’, ಸ್ವಲ್ಪ ಜಾಸ್ತಿಯಾದರೆ ‘ಮಂಡೆ ಸಮ ಉಂಟಾ?’. ಮಾರಾಯ ಅಂದರೆ ಮಹಾರಾಯ. ಹೆಣ್ಣಿಗೆ ಮಾರಾಯ್ತಿ, ಹಿರಿಯರಿಗೆ ಮಾರಾಯ್ರೇ. ಇಲ್ಲೂ ಅದೇ ಉಪಾಯ ನೋಡಿ, ಸಿಂಹಾಸನದ ಮೇಲೆ ಕೂರಿಸಿ ಆಮೇಲೆ ವಿಚಾರಿಸಿಕೊಳ್ಳೋದು.

ದಾಟಬಾರದ ಗೆರೆ

ತರಾಟೆ ಅಂದರೆ ಮಾಡಿದ ಕೆಲಸದ ಬಗ್ಗೆ ಕೇಳೋದು. ಹುಟ್ಟಿನ ಬಗ್ಗೆ ಅಲ್ಲ. ಅಮ್ಮನ ಹೆಸರು ಎತ್ತಿದ ಕೂಡಲೇ ಸೋತಿರಿ ಅಂತಲೇ ಲೆಕ್ಕ. ಜಾತಿ ಹೆಸರನ್ನೇ ಬೈಗುಳ ಮಾಡಿಕೊಂಡಿರುವ ಮಾತುಗಳು ನಮ್ಮಲ್ಲಿ ಕಡಿಮೆ ಇಲ್ಲ. ಎಷ್ಟೋ ಜನಕ್ಕೆ ಅದು ಜಾತಿ ಹೆಸರು ಅಂತಾನೂ ಗೊತ್ತಿರಲ್ಲ, ಚಿಕ್ಕಂದಿನಿಂದ ಕೇಳಿ ಬಾಯಿಗೆ ಬಂದಿರುತ್ತದೆ. ಒಂದು ಪದ ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೆ ಅದನ್ನು ಬಿಟ್ಟುಬಿಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಎದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅದು ಅಪರಾಧ. ಶಾಂತಿ ಕದಡಲಿ ಅಂತಲೇ ಬೇಕಂತ ಅವಮಾನ ಮಾಡಿ ಕೆಣಕಿದರೆ ಅದಕ್ಕೂ ಕಲಂ ಇದೆ. ಮುಂಚೆ ಐಪಿಸಿ 504 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 352. ಎರಡು ವರ್ಷದವರೆಗೆ ಜೈಲು ಆಗಬಹುದು. ಹೆದರಿಸುತ್ತಿಲ್ಲ, ಗೊತ್ತಿರಲಿ ಅಂತ.

ಇನ್ನೊಂದು, ಒಂದೇ ಸಲ ಹೇಳಿ. ಅಜ್ಜಿ ಒಂದೇ ಸಲ ಹೇಳಿದರು. ಅದೇ ಮಾತನ್ನು ಎರಡನೇ ಸಲ ಹೇಳಿದ್ದರೆ ಗೊಣಗಾಟ ಆಗುತ್ತಿತ್ತು, ಮೂರನೇ ಸಲಕ್ಕೆ ಜನ ಅವನ ಪರ ನಿಲ್ಲುತ್ತಿದ್ದರು. ಹೇಳಿದ ಮೇಲೆ ಎದುರಿನವರು ಜಾರಿಕೊಳ್ಳಲು ಒಂದು ಸಂದಿ ಬಿಡಬೇಕು. ಅವನು ‘ನೋಡ್ಲಿಲ್ಲ’ ಅಂದಾಗ ಅಜ್ಜಿ ‘ಸುಳ್ಳು ಹೇಳ್ಬೇಡ’ ಅನ್ನಲಿಲ್ಲ, ಕೊತ್ತಂಬರಿ ಸರಿ ಮಾಡಿಕೊಳ್ಳುತ್ತಾ ಸುಮ್ಮನಾದರು. ಆಮೇಲೆ ಅವನು ತಟ್ಟೆ ಹಿಡಿದುಕೊಂಡು ಜಾಗ ಹುಡುಕುತ್ತಿದ್ದಾಗ ತಮ್ಮ ಲೋಟ ಪಕ್ಕಕ್ಕೆ ಸರಿಸಿ, ‘ಬಾಪ್ಪಾ, ಇಲ್ಲೇ ಇಡು’ ಅಂದರು. ಅವನು ಇನ್ನೂ ಕುಗ್ಗಿದ.

ಮೂರು ಸಾವಿರ ರೂಪಾಯಿ

ಕೊಟ್ಟ ಸಾಲ ಕೇಳೋದು ಎಲ್ಲಕ್ಕಿಂತ ಕಷ್ಟದ ತರಾಟೆ. ಟೋಪಿ ಹಾಕ್ದ, ನಾಮ ಹಾಕ್ದ, ಪಂಗನಾಮ ಎಳೆದ, ಕೈ ಎತ್ತಿದ ಅಂತ ಬೇರೆಯವರ ಹತ್ತಿರ ಹೇಳಿಕೊಳ್ಳಲು ಮಾತು ಬೇಕಾದಷ್ಟಿದೆ. ಅವನಿಗೇ ಹೇಳೋಕೆ ನಾಲಿಗೆ ಏಳಲ್ಲ.

ನನ್ನ ಹಳೇ ರೂಮ್‌ಮೇಟ್ ಒಬ್ಬ ಇದ್ದಾನೆ, ಹುಬ್ಬಳ್ಳಿಯವನು. ನನ್ನನ್ನು ಅವನು ಕರೆಯುವುದೇ ‘ಲೇ’ ಅಂತ. ಮೂರು ಸಾವಿರ ತಗೊಂಡ, ಸಂಬಳ ಬಂದ ಕೂಡಲೇ ಕೊಡ್ತೀನಿ ಅಂದ. ಸಂಬಳ ಐದು ಸಲ ಬಂತು. ಮೊದಲು ‘ಮಗಾ, ದುಡ್ಡು?’ ಅಂತ ಬರೆದೆ. ನಗುವ ಮುಖ ಕಳಿಸಿದ. ಆಮೇಲೆ ‘ಏನ್ ಗುರು, ನನ್ ನೆನಪಿದ್ಯಾ?’ ಅಂದೆ. ‘ನಿನ್ನ ಮರೀಲಾಕ ಆಗ್ತೈತೇನಲೇ’ ಅಂದ, ದುಡ್ಡಿನ ಸುದ್ದಿ ಇಲ್ಲ. ‘ಸ್ವಾಮಿ, ಕಿವಿ ಮೇಲಿನ ಹೂವು ಬಾಡ್ತಾ ಇದೆ’ ಅಂತ ಬರೆದೆ. ಅದಕ್ಕೂ ಜೋರು ನಗು, ಒಂದು ಸಾವಿರ ಬಂತು. ಉಳಿದದ್ದು ಮತ್ತೆ ಎರಡು ತಿಂಗಳು ಇಲ್ಲ.

ಮೊನ್ನೆ ರಾತ್ರಿ ಹೀಗೆ ಬರೆದೆ: ‘ನಮಸ್ಕಾರ. ತಾವು ನನಗೆ ಎರಡು ಸಾವಿರ ರೂಪಾಯಿ ಕೊಡುವುದು ಬಾಕಿ ಇದೆ. ನಿಮಗೆ ಅನುಕೂಲವಾದಾಗ ಕಳಿಸಿ.’

ಐದು ನಿಮಿಷ ಟೈಪಿಂಗ್, ಟೈಪಿಂಗ್ ಅಂತ ತೋರಿಸುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಆಮೇಲೆ ಫೋನೇ ಬಂತು.

‘ಯಾಕಲೇ ಮಗನ, ನೀವು ಗೀವು ಅಂತಿ? ಏನ್ ತಪ್ಪ್ ಮಾಡೀನಿ ನಾ? ಹಾಕೇನಿ ನೋಡ್ ರೊಕ್ಕ. ಇನ್ನೊಮ್ಮೆ ತಾವು ಅಂದಿ ಅಂದ್ರ ಮನೀಗೆ ಬಂದು ಬಡೀತೇನಿ.’